ನಮ್ಮೂರಿನ ಎಕ್ಸ್-ರೇ ಕೋಣೆಯ ಮೇಲೆ ಕಣ್ಣಿಡಬೇಕಾದವರು ಯಾರು?

ಪ್ರಶ್ನೆ: ಅರಕಲಗೂಡು ಕಡೆಯ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಪ್ಯಾರಾಮೆಡಿಕಲ್ ಡಿಪ್ಲೊಮಾ ಮುಗಿಸಿ, ಕಳೆದ ಹದಿನಾಲ್ಕು ತಿಂಗಳಿಂದ ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಖಾಸಗಿ ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಎಕ್ಸ್-ರೇ ಟೆಕ್ನಿಷಿಯನ್ ಆಗಿದ್ದಾಳೆ. ಸೆಂಟರಿನ ಹೆಸರನ್ನು ನಾನು ಬರೆಯುವುದಿಲ್ಲ. ವ್ಯವಸ್ಥೆ ಹೇಗಿರಬೇಕು, ಅದನ್ನು ನೋಡಿಕೊಳ್ಳುವ ಹೊಣೆ ಯಾರದು ಎಂಬುದಷ್ಟೇ ನನಗೆ ತಿಳಿಯಬೇಕಾಗಿದೆ.

ಅವಳಿಗೆ ಎದೆಯ ಮೇಲೆ ಧರಿಸಲು ಟಿಎಲ್‌ಡಿ ಬ್ಯಾಡ್ಜ್, ಅಂದರೆ ದೇಹಕ್ಕೆ ತಗಲುವ ವಿಕಿರಣವನ್ನು ದಾಖಲಿಸುವ ಬಿಲ್ಲೆ, ಕೊಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ಅದನ್ನು ತೆಗೆದುಕೊಂಡು ಹೊಸದನ್ನು ಕೊಡುತ್ತಾರೆ. ಆದರೆ ಹೋದ ಬ್ಯಾಡ್ಜಿನಲ್ಲಿ ಎಷ್ಟು ಡೋಸ್ ದಾಖಲಾಗಿದೆ ಎಂಬ ವರದಿಯನ್ನು ಇದುವರೆಗೆ ಒಮ್ಮೆಯೂ ತೋರಿಸಿಲ್ಲ. ಒಂದು ಅವಧಿಯಲ್ಲಂತೂ ಅವಳು ರಜೆಯ ಮೇಲಿದ್ದಾಗ ಬ್ಯಾಡ್ಜ್ ಎಕ್ಸ್-ರೇ ಕೋಣೆಯ ಒಳಗಿನ ಮೊಳೆಯಲ್ಲೇ ಹದಿನೈದು ದಿನ ನೇತಾಡುತ್ತಿತ್ತು. ಕೋಣೆಯ ಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಂಡ ಮೇಲೆ ಚೌಕಟ್ಟಿಗೆ ಸರಿಯಾಗಿ ಕೂರುತ್ತಿಲ್ಲ, ಅದರ ಎದುರಿಗೇ ರೋಗಿಗಳ ಬೆಂಚಿದೆ, ಅಲ್ಲಿ ತಾಯಂದಿರು ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾರೆ.

ತಾಲ್ಲೂಕು ಮಟ್ಟದಲ್ಲಿ ವಿಚಾರಿಸಿದಾಗ ಅದು ಮುಂಬೈಯವರ ವಿಷಯ ಎಂದರು. ಜಿಲ್ಲಾ ಮಟ್ಟದಲ್ಲಿ ಕೇಳಿದಾಗ ತಾವು ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಯನ್ನು ಮಾತ್ರ ನೋಡುವುದಾಗಿ ತಿಳಿಸಿದರು. ಹಾಗಿದ್ದರೆ ನಮ್ಮ ರಾಜ್ಯದಲ್ಲಿ ವಿಕಿರಣ ಸುರಕ್ಷತೆಯನ್ನು ನೋಡಿಕೊಳ್ಳುವವರು ಯಾರು, ಅವರು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೆಯೇ ಎಂದು ಅವರನ್ನು ಪ್ರಶ್ನಿಸುವ ಅಧಿಕಾರ ಯಾರಿಗಿದೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಾಸನದ ಹಿರಿಯ ಟೆಕ್ನಿಷಿಯನ್

ಸರ್, ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸದಲ್ಲಿರುವವನಾಗಿ ಮೊದಲು ತಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಎಕ್ಸ್-ರೇ ಯಂತ್ರದಿಂದ ಕಿರಣ ಹೊಮ್ಮುವುದು ಗುಂಡಿ ಒತ್ತಿದ ಆ ಕ್ಷಣಾರ್ಧದಲ್ಲಿ ಮಾತ್ರ. ಆಮೇಲೆ ಕೋಣೆಯಲ್ಲಿ ಏನೂ ಉಳಿದಿರುವುದಿಲ್ಲ. ಗುಂಡಿ ಒತ್ತುವಾಗ ಅವರು ಸೀಸದ ತಡೆಯ ಹಿಂದೆ ನಿಲ್ಲುತ್ತಿದ್ದರೆ, ರೋಗಿಯನ್ನು ಹಿಡಿದುಕೊಳ್ಳುವ ಪ್ರಸಂಗ ಬರದಿದ್ದರೆ, ದೇಹಕ್ಕೆ ತಗಲುವ ಪ್ರಮಾಣ ಬಹಳ ಕಡಿಮೆ ಇರುತ್ತದೆ. ವಿಕಿರಣದ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರಬಾರದು ಎಂಬ ಮಿತಿಯಿದೆ. ಸಾರ್ವಜನಿಕರಿಗೆ ಅದು ವರ್ಷಕ್ಕೆ 1 ಮಿಲಿಸೀವರ್ಟ್. ನಿಸರ್ಗದಿಂದಲೇ ಪ್ರಪಂಚದ ಜನರಿಗೆ ಸರಾಸರಿ 2.4 ಮಿಲಿಸೀವರ್ಟ್ ಪ್ರತಿ ವರ್ಷ ತಗಲುತ್ತದೆ. ಆದ್ದರಿಂದ ಮನೆಯಲ್ಲಿ ಯಾರೂ ಗಾಬರಿಯಾಗಬೇಡಿ.

ಆದರೆ ಗಾಬರಿ ಬೇಡ ಎನ್ನುವುದನ್ನೇ ನೆಪ ಮಾಡಿಕೊಂಡು ವರದಿ ತೋರಿಸದೆ ಇರುವುದನ್ನು ನಾನು ಒಪ್ಪುವುದಿಲ್ಲ. ತನ್ನ ಡೋಸ್ ವರದಿಯನ್ನು ನೋಡುವುದು ಕೆಲಸಗಾರರ ಹಕ್ಕು, ಅದನ್ನು ತೋರಿಸುವುದು ಮಾಲೀಕರ ಕರ್ತವ್ಯ. ಮಗಳು ಸೆಂಟರಿನ ವಿಕಿರಣ ಸುರಕ್ಷತಾಧಿಕಾರಿಗೆ, ಅಂದರೆ ಆರ್‌ಎಸ್‌ಒ ಎಂದು ಕಾಗದದಲ್ಲಿ ಯಾರ ಹೆಸರಿದೆಯೋ ಅವರಿಗೆ, ಲಿಖಿತವಾಗಿ ಕೇಳಲಿ. ಬ್ಯಾಡ್ಜ್ ಒಳಗೆ ನೇತಾಡಿದ ಸಂಗತಿಯನ್ನೂ ದಿನಾಂಕ ಸಹಿತ ಬರೆಯಲಿ. ಏಕೆಂದರೆ ಬ್ಯಾಡ್ಜಿಗೆ ತನ್ನನ್ನು ಯಾರು ಧರಿಸಿದ್ದರು ಎಂಬುದು ಗೊತ್ತಿಲ್ಲ, ತನ್ನ ಮೇಲೆ ಬಿದ್ದದ್ದನ್ನು ಮಾತ್ರ ಅದು ಹೇಳುತ್ತದೆ. ಹೆಚ್ಚಿನ ಅಂಕಿ ಬಂದರೆ ಅದು ಆ ವ್ಯಕ್ತಿಗೆ ನಿಜವಾಗಿ ತಗಲಿದ್ದೇ, ಬ್ಯಾಡ್ಜಿಗೆ ಮಾತ್ರ ತಗಲಿದ್ದೇ ಎಂದು ತನಿಖೆಯಾಗಬೇಕು. ಆ ಹೊತ್ತಿಗೆ ನೆನಪಿನಿಂದ ಹೇಳಿದ ಮಾತಿಗಿಂತ ಅಂದೇ ಬರೆದಿಟ್ಟ ಕಾಗದ ಉಪಯೋಗಕ್ಕೆ ಬರುತ್ತದೆ. ಧರಿಸದಿರುವಾಗ ಬ್ಯಾಡ್ಜುಗಳನ್ನು ಕೋಣೆಯಿಂದ ದೂರ, ಹೋಲಿಕೆಗಾಗಿ ಯಾರೂ ಧರಿಸದೆ ಇಡುವ ಕಂಟ್ರೋಲ್ ಬ್ಯಾಡ್ಜಿನ ಜೊತೆಯಲ್ಲಿಡಬೇಕು. ಸೀಸದ ಏಪ್ರನ್ ಹಾಕಿಕೊಂಡಾಗ ಬ್ಯಾಡ್ಜ್ ಅದರ ಒಳಗೆ, ಎದೆಯ ಮಟ್ಟದಲ್ಲಿರಬೇಕು; ಇದನ್ನು ಹೊರಗೆ ಹಾಕಿಕೊಳ್ಳುವವರನ್ನು ನಾನು ಈಗಲೂ ನೋಡುತ್ತೇನೆ.

ಬಾಗಿಲಿನ ವಿಷಯ ನಿಜಕ್ಕೂ ಸರಿಪಡಿಸಬೇಕಾದದ್ದು. ಕಿರಣದ ಪುಂಜ ನೇರವಾಗಿ ಬೀಳುವ ಗೋಡೆ 35 ಸೆಂಟಿಮೀಟರ್ ಇಟ್ಟಿಗೆಯಷ್ಟು, ಉಳಿದ ಗೋಡೆಗಳು 23 ಸೆಂಟಿಮೀಟರ್ ಇಟ್ಟಿಗೆಯಷ್ಟು ತಡೆ ಕೊಡುವಂತಿರಬೇಕು, ಬಾಗಿಲಿಗೆ ಸೀಸದ ಹಾಳೆ ಹೊದಿಸಿರಬೇಕು, ಯಂತ್ರ ನಡೆಯುವಾಗ ಹೊರಗೆ ಕೆಂಪು ದೀಪ ಉರಿಯಬೇಕು. ಸೀಸ ಹೊದಿಸಿದ ಬಾಗಿಲು ಚೌಕಟ್ಟಿಗೆ ಕೂರದೆ ಸಂದಿ ಬಿಟ್ಟರೆ ಸೀಸದಿಂದ ಆಗಬೇಕಾದ ಪ್ರಯೋಜನವೇ ಆಗುವುದಿಲ್ಲ. ಬಡಗಿಯನ್ನು ಕರೆಸುವವರೆಗೆ ಕನಿಷ್ಠ ಬೆಂಚನ್ನಾದರೂ ಪಕ್ಕಕ್ಕೆ ಸರಿಸಲಿ. ಅದಕ್ಕೆ ಯಾವ ಆದೇಶವೂ ಬೇಕಿಲ್ಲ.

ಉತ್ತರ: ಚಿಕ್ಕಮಗಳೂರಿನ ನಿವೃತ್ತ ಲೆಕ್ಕಪರಿಶೋಧಕ

ತಾವು ಕೇಳಿರುವ ಎರಡನೆಯ ಪ್ರಶ್ನೆ, ಅಂದರೆ ನೋಡಿಕೊಳ್ಳುವವರನ್ನು ಯಾರು ಪ್ರಶ್ನಿಸಬೇಕು ಎಂಬುದು, ನನ್ನ ವೃತ್ತಿಗೆ ಸೇರಿದ ಪ್ರಶ್ನೆಯಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ದೇಶದಲ್ಲಿ ಎಕ್ಸ್-ರೇ, ಸಿ.ಟಿ. ಸ್ಕ್ಯಾನ್, ಕ್ಯಾನ್ಸರ್ ಚಿಕಿತ್ಸೆಯ ಯಂತ್ರ, ಕೈಗಾರಿಕೆಗಳಲ್ಲಿ ಬಳಸುವ ವಿಕಿರಣ ಮೂಲ ಇವೆಲ್ಲದಕ್ಕೂ ಅನುಮತಿ ಕೊಡುವುದು ಮುಂಬೈಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಅದು 1983ರ ನವೆಂಬರ್‌ನಲ್ಲಿ, 1962ರ ಪರಮಾಣು ಶಕ್ತಿ ಕಾಯ್ದೆಯ ಅಡಿಯಲ್ಲಿ ಸ್ಥಾಪನೆಯಾಯಿತು. ವಿಕಿರಣ ರಕ್ಷಣೆಯ ನಿಯಮಗಳು 2004ರಲ್ಲಿ ಬಂದವು. ದಕ್ಷಿಣ ರಾಜ್ಯಗಳಿಗಾಗಿ ಮಂಡಳಿಯ ಪ್ರಾದೇಶಿಕ ಕೇಂದ್ರ ಚೆನ್ನೈಯಲ್ಲಿದೆ. ಹೀಗಾಗಿ ತಮಗೆ ತಾಲ್ಲೂಕಿನಲ್ಲಿ ಸಿಕ್ಕ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಇನ್ನರ್ಧ ಹೀಗಿದೆ: ವೈದ್ಯಕೀಯ ಎಕ್ಸ್-ರೇ ಬಳಕೆಯನ್ನು ನಿಯಂತ್ರಿಸಲು ಪ್ರತಿ ರಾಜ್ಯದಲ್ಲಿ ವಿಕಿರಣ ಸುರಕ್ಷತಾ ನಿರ್ದೇಶನಾಲಯ ಸ್ಥಾಪಿಸಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲೇ ನಿರ್ದೇಶಿಸಿತ್ತು. ಹಳ್ಳಿ ಹಳ್ಳಿಗೆ, ಪೇಟೆ ಪೇಟೆಗೆ ಹರಡಿರುವ ಸಣ್ಣ ಯಂತ್ರಗಳನ್ನು ಮುಂಬೈಯಿಂದ ನೋಡಲಾಗದು, ರಾಜ್ಯ ಸರ್ಕಾರಕ್ಕೆ ಜಿಲ್ಲೆಗಳಲ್ಲಿ ಜನರಿದ್ದಾರೆ ಎಂಬುದು ಇದರ ಹಿಂದಿನ ಸರಳ ವಿವೇಕ.

ಆಮೇಲೆ ಏನಾಯಿತು ಎಂಬುದು 2012ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯಲ್ಲಿದೆ. 2012-13ನೇ ಸಾಲಿನ 9ನೇ ಸಂಖ್ಯೆಯ ಆ ವರದಿ ಕೇವಲ ಈ ಮಂಡಳಿಯ ಕಾರ್ಯವೈಖರಿಯ ಬಗೆಗಿನದು. ಸುಪ್ರೀಂ ಕೋರ್ಟಿನ ನಿರ್ದೇಶನ ಬಂದು ಹತ್ತು ವರ್ಷ ದಾಟಿದ್ದರೂ ಕೇರಳ ಮತ್ತು ಮಿಜೋರಂ ಬಿಟ್ಟರೆ ಬೇರೆ ಯಾವ ರಾಜ್ಯದಲ್ಲೂ ನಿರ್ದೇಶನಾಲಯ ಆಗಿರಲಿಲ್ಲ. ದೇಶದಲ್ಲಿ ಕೆಲಸ ಮಾಡುತ್ತಿದ್ದ 57,443 ವೈದ್ಯಕೀಯ ಎಕ್ಸ್-ರೇ ಘಟಕಗಳಲ್ಲಿ ನೋಂದಣಿಯಾಗಿದ್ದವು 5,270 ಮಾತ್ರ. ನೂರಕ್ಕೆ ತೊಂಬತ್ತೊಂದು ಘಟಕಗಳು ಮಂಡಳಿಯ ನೋಂದಣಿಯಿಲ್ಲದೆ ನಡೆಯುತ್ತಿದ್ದವು. ಕಾಯ್ದೆ ಮುರಿದವರಿಗೆ ವಿಧಿಸಬಹುದಾಗಿದ್ದ ದಂಡದ ಗರಿಷ್ಠ ಮೊತ್ತ ಕೆಲವು ಸಂದರ್ಭಗಳಲ್ಲಿ ಐದು ನೂರು ರೂಪಾಯಿ. ಪರಮಾಣು ಶಕ್ತಿಯನ್ನು ಬೆಳೆಸುವವರಿಗೇ ಅದನ್ನು ನಿಯಂತ್ರಿಸುವವರೂ ಉತ್ತರ ಹೇಳಬೇಕಾದ ಏರ್ಪಾಡನ್ನೂ ವರದಿ ಪ್ರಶ್ನಿಸಿತು. 2013ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇವೇ ಅಂಶಗಳನ್ನು ಕೈಗೆತ್ತಿಕೊಂಡಿತು. ಸ್ವತಂತ್ರ ಪ್ರಾಧಿಕಾರ ರಚಿಸುವ ಮಸೂದೆ 2011ರಲ್ಲಿ ಮಂಡನೆಯಾಗಿದ್ದರೂ 2014ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಶಾಂತಿ ಹೆಸರಿನ ಹೊಸ ಪರಮಾಣು ಶಕ್ತಿ ಕಾನೂನಿನಲ್ಲಿ ಮಂಡಳಿಗೆ ಶಾಸನಬದ್ಧ ಸ್ಥಾನ ದೊರೆತಿದೆ.

ಮೂರು ದಶಕಗಳ ಕಾಲ ಕಚೇರಿ ಕಚೇರಿ ಸುತ್ತಿ ಕಡತ ನೋಡಿದವನಿಗೆ ಆ ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದು: ಲೆಕ್ಕಪರಿಶೋಧಕರು ವಿಕಿರಣ ಅಳೆಯುವ ಒಂದು ಉಪಕರಣವನ್ನೂ ಹಿಡಿದು ಹೋಗಿರಲಿಲ್ಲ. ಎಷ್ಟು ಯಂತ್ರಗಳಿವೆ, ಎಷ್ಟಕ್ಕೆ ಅನುಮತಿಯಿದೆ, ಎಷ್ಟು ತಪಾಸಣೆ ಆಗಬೇಕಿತ್ತು, ಎಷ್ಟು ಆಯಿತು ಎಂದಷ್ಟೇ ಕೇಳಿದರು. ಈ ನಾಲ್ಕು ಪ್ರಶ್ನೆಗಳನ್ನು ಹಾಸನ ಜಿಲ್ಲೆಯ ಮಟ್ಟಿಗೆ ತಾವೂ ಕೇಳಬಹುದು. ಸರ್ಕಾರದ ಮೇಲ್ವಿಚಾರಣೆ ಎಂಬುದು ಪರಿಣತರಿಗೆ ಮಾತ್ರ ಸೇರಿದ್ದೆಂದು ಭಾವಿಸಿ ಹಿಂಜರಿಯಬೇಡಿ.

ಅಂದಿನಿಂದ ಇಂದಿಗೆ ಸ್ಥಿತಿ ಸುಧಾರಿಸಿಲ್ಲ ಎಂದು ನಾನು ಹೇಳುತ್ತಿಲ್ಲ. ಈಗ ಅರ್ಜಿ, ಅನುಮತಿ, ವರದಿಗಳೆಲ್ಲ ಮಂಡಳಿಯ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತವೆ. ಆದರೆ ಆ ವ್ಯವಸ್ಥೆಗೆ ಬಂದು ಹೆಸರು ಬರೆಸಿದವರನ್ನು ಮಾತ್ರ ಅದು ಕಾಣುತ್ತದೆ. ಬಾರದವರನ್ನು ಕಾಣಬೇಕಾದರೆ ಊರಿನ ಬೀದಿಯಲ್ಲಿ ನಡೆಯುವ ಯಾರಾದರೂ ಇರಬೇಕು, ಆ ಕೆಲಸಕ್ಕೇ ರಾಜ್ಯದ ಕೈ ಬೇಕಾಗಿರುವುದು.

ಉತ್ತರ: ಹಾಸನದ ಹಿರಿಯ ಟೆಕ್ನಿಷಿಯನ್

ಹಿರಿಯರ ಮಾತಿಗೆ ಗೌರವವಿಟ್ಟೇ ಒಂದು ಸಂಶಯ ಹೇಳುತ್ತೇನೆ. ರಾಜ್ಯದಲ್ಲೊಂದು ನಿರ್ದೇಶನಾಲಯ, ಜಿಲ್ಲೆಗೊಬ್ಬ ತಪಾಸಣಾಧಿಕಾರಿ ಎಂದಾದರೆ ಬರುವವರಿಗೆ ಈ ವಿಷಯದ ತಿಳಿವಳಿಕೆ ಇರುತ್ತದೆಯೇ? ಬೆಂಕಿ ನಂದಿಸುವ ಸಿಲಿಂಡರಿನ ದಿನಾಂಕ ನೋಡಿ, ಪ್ರಮಾಣಪತ್ರದ ಜೆರಾಕ್ಸ್ ತೆಗೆದುಕೊಂಡು ಹೋಗುವ ತಪಾಸಣೆಗಳನ್ನು ನಾವು ಸಾಕಷ್ಟು ಕಂಡಿದ್ದೇವೆ. ಯಂತ್ರದ ಗುಣಮಟ್ಟ ಪರೀಕ್ಷೆ ಎರಡು ವರ್ಷಕ್ಕೊಮ್ಮೆ ಆಗಬೇಕು. ಆ ವರದಿಯನ್ನು ಓದಲು ಬಾರದವರು ಬಂದು ಹೋದರೆ ಎಲ್ಲವೂ ಸರಿಯಿದೆ ಎಂಬ ಸುಳ್ಳು ಸಮಾಧಾನ ಮಾತ್ರ ಉಳಿಯುತ್ತದೆ. ದೂರದ ಚೆನ್ನೈಯಿಂದ ಅಪರೂಪಕ್ಕೆ ಬಂದರೂ ವಿಷಯ ಬಲ್ಲವರು ಬರಲಿ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಬೇಲೂರಿನವನು, ಈಗ ಅಮೆರಿಕದಲ್ಲಿ

ನಾನು ಬೇಲೂರು ತಾಲ್ಲೂಕಿನವನು. ಹನ್ನೊಂದು ವರ್ಷಗಳಿಂದ ಅಮೆರಿಕದ ಒಂದು ರಾಜ್ಯದ ವಿಕಿರಣ ನಿಯಂತ್ರಣ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಮೇಲಿನ ಇಬ್ಬರ ಮಾತೂ ಸರಿಯೆಂದು ನನಗನಿಸುವುದರಿಂದ, ಇಲ್ಲಿ ಇದೇ ತೊಡಕನ್ನು ಹೇಗೆ ಬಿಡಿಸಿದ್ದಾರೆ ಎಂದು ತಿಳಿಸುತ್ತೇನೆ.

ಇಲ್ಲಿ ಕೇಂದ್ರದಲ್ಲಿ ಪರಮಾಣು ನಿಯಂತ್ರಣ ಆಯೋಗವಿದೆ. 1959ರಲ್ಲಿ ಕಾನೂನಿಗೆ ತಂದ ತಿದ್ದುಪಡಿಯಿಂದ ಕೇಂದ್ರವು ರಾಜ್ಯಗಳೊಡನೆ ಒಪ್ಪಂದ ಮಾಡಿಕೊಂಡು, ವಿಕಿರಣ ವಸ್ತುಗಳ ಬಹುಪಾಲು ಬಳಕೆಗೆ ಅನುಮತಿ ಕೊಡುವ ಮತ್ತು ತಪಾಸಣೆ ನಡೆಸುವ ಅಧಿಕಾರವನ್ನು ಅವಕ್ಕೇ ಬಿಟ್ಟುಕೊಡಲು ಅವಕಾಶವಾಯಿತು. 1962ರಲ್ಲಿ ಕೆಂಟಕಿ ಮೊದಲನೆಯದಾಗಿ ಒಪ್ಪಂದಕ್ಕೆ ಬಂದಿತು; ಈಗ ಬಹುಪಾಲು ರಾಜ್ಯಗಳು ಒಪ್ಪಂದದಲ್ಲಿವೆ. ಆದರೆ ಅಧಿಕಾರ ಕೊಟ್ಟು ಕೇಂದ್ರ ಸುಮ್ಮನಾಗುವುದಿಲ್ಲ. ಸುಮಾರು ನಾಲ್ಕೈದು ವರ್ಷಕ್ಕೊಮ್ಮೆ ಪರಿಶೀಲನಾ ತಂಡವೊಂದು ನಮ್ಮ ಕಚೇರಿಗೆ ಬರುತ್ತದೆ. ತಂಡದಲ್ಲಿ ಆಯೋಗದವರಷ್ಟೇ ಅಲ್ಲದೆ ಬೇರೆ ರಾಜ್ಯಗಳಲ್ಲಿ ಇದೇ ಕೆಲಸ ಮಾಡುವವರೂ ಇರುತ್ತಾರೆ. ಹುದ್ದೆಗಳು ಖಾಲಿ ಇವೆಯೇ, ಇರುವವರಿಗೆ ತರಬೇತಿ ಆಗಿದೆಯೇ, ತಪಾಸಣೆಗಳು ಗಡುವಿನೊಳಗೆ ನಡೆದಿವೆಯೇ, ತಪಾಸಣೆಯ ಮತ್ತು ಅನುಮತಿ ಪತ್ರಗಳ ತಾಂತ್ರಿಕ ಗುಣಮಟ್ಟ ಹೇಗಿದೆ, ಅವಘಡವಾದಾಗ ಅಥವಾ ಯಾರಾದರೂ ದೂರು ಕೊಟ್ಟಾಗ ಏನು ಮಾಡಿದೆವು ಎಂಬುದನ್ನು ಒಂದೊಂದಾಗಿ ನೋಡಿ, ಒಂದೊಂದಕ್ಕೂ ತೃಪ್ತಿಕರ, ತೃಪ್ತಿಕರವಾದರೂ ಸುಧಾರಣೆ ಬೇಕು, ಅತೃಪ್ತಿಕರ ಎಂಬ ಮೂರರಲ್ಲೊಂದು ದರ್ಜೆ ಕೊಡುತ್ತಾರೆ.

ಟೆಕ್ನಿಷಿಯನ್ ಅಣ್ಣನವರ ಸಂಶಯಕ್ಕೆ ಉತ್ತರ ಇಲ್ಲಿಯೇ ಇದೆ ಎಂದು ನನ್ನ ಭಾವನೆ. ಪರಿಶೀಲನೆಯ ಕಾಲದಲ್ಲಿ ತಂಡದ ಸದಸ್ಯರೊಬ್ಬರು ನಮ್ಮ ತಪಾಸಕರ ಜೊತೆ ಆಸ್ಪತ್ರೆಗೆ ಬಂದು, ಪಕ್ಕದಲ್ಲಿ ನಿಂತು, ಅವರು ಯಾವ ಪ್ರಶ್ನೆ ಕೇಳುತ್ತಾರೆ, ಯಾವುದನ್ನು ಗಮನಿಸದೆ ಬಿಡುತ್ತಾರೆ ಎಂದು ನೋಡುತ್ತಾರೆ. ನನ್ನ ಜೊತೆ ಹಾಗೆ ಬಂದ ದಿನ ನಾನು ದಾಖಲೆಗಳನ್ನೆಲ್ಲ ಸರಿಯಾಗಿ ನೋಡಿದ್ದೆ, ಆದರೆ ಅಲ್ಲಿನ ಕೆಲಸಗಾರರೊಬ್ಬರನ್ನೂ ಮಾತಾಡಿಸಿರಲಿಲ್ಲ. ಅದನ್ನು ಅವರು ತೋರಿಸಿಕೊಟ್ಟರು. ಅಂದಿನಿಂದ ಪ್ರತಿ ತಪಾಸಣೆಯಲ್ಲೂ ಬ್ಯಾಡ್ಜ್ ಧರಿಸಿದವರನ್ನೇ ಮೊದಲು ಕರೆದು, ನಿಮ್ಮ ಕಳೆದ ವರದಿಯ ಅಂಕಿ ಎಷ್ಟು ಎಂದು ಕೇಳುತ್ತೇನೆ. ತಿಳಿಯದು ಎಂದರೆ ಉಳಿದ ಕಡತಗಳನ್ನು ಇನ್ನಷ್ಟು ಎಚ್ಚರದಿಂದ ನೋಡುತ್ತೇನೆ. ತಮ್ಮ ಮಗಳ ಸಂಗತಿ ಓದಿದಾಗ ಮನಸ್ಸಿಗೆ ತಟ್ಟಿದ್ದು ಅದೇ ಕಾರಣಕ್ಕೆ.

ತಂಡದ ವರದಿ ಬಂದ ಮೇಲೆ ಹಿರಿಯ ಅಧಿಕಾರಿಗಳ ಪರಿಶೀಲನಾ ಮಂಡಳಿ ಸಭೆ ಸೇರಿ ಅಂತಿಮ ತೀರ್ಮಾನ ಮಾಡುತ್ತದೆ. ವರದಿ ಯಾರು ಬೇಕಾದರೂ ಓದುವಂತೆ ಪ್ರಕಟವಾಗುತ್ತದೆ. ಕಾರ್ಯಕ್ರಮ ದುರ್ಬಲವೆಂದು ಕಂಡರೆ ನಿಗಾ ಹೆಚ್ಚಿಸುವುದು, ಇನ್ನೂ ಕೆಟ್ಟಿದ್ದರೆ ಪರೀಕ್ಷಾವಧಿಯಲ್ಲಿಡುವುದು, ಕೊನೆಗೆ ಒಪ್ಪಂದವನ್ನೇ ಅಮಾನತುಗೊಳಿಸುವುದು ಅಥವಾ ರದ್ದು ಮಾಡುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕ್ರಮಗಳಿವೆ. ಒಂದು ಸ್ಪಷ್ಟನೆ: ಆಯೋಗದ ಈ ಪರಿಶೀಲನೆ ವಿಕಿರಣ ವಸ್ತುಗಳಿಗೆ ಸಂಬಂಧಿಸಿದ್ದು, ಎಕ್ಸ್-ರೇ ಯಂತ್ರಗಳು ಇಲ್ಲಿ ರಾಜ್ಯಗಳ ಹೊಣೆಯಲ್ಲಿವೆ. ಆದ್ದರಿಂದ ಇದನ್ನು ಹಾಗೆಯೇ ಎತ್ತಿ ನಮ್ಮಲ್ಲಿ ಇಡಲು ಬರುವುದಿಲ್ಲ. ಆದರೆ ಹತ್ತಿರ ಇರುವವರು ತಪಾಸಣೆ ಮಾಡಲಿ, ವಿಷಯ ಬಲ್ಲವರು ಆ ತಪಾಸಣೆಯನ್ನು ಪರೀಕ್ಷಿಸಲಿ, ಎರಡರ ಫಲಿತಾಂಶವನ್ನೂ ಜನ ಓದಲಿ ಎಂಬ ಏರ್ಪಾಡು ಯಾವ ದೇಶದಲ್ಲಾದರೂ ಸಾಧ್ಯ.

ಉತ್ತರ: ಚಿಕ್ಕಮಗಳೂರಿನ ನಿವೃತ್ತ ಲೆಕ್ಕಪರಿಶೋಧಕ

ಬೇಲೂರಿನವರು ಬರೆದದ್ದನ್ನು ಎರಡು ಬಾರಿ ಓದಿದೆ. ಕಣ್ಣಿಗೆ ಕಾಣದ ಅಪಾಯದಲ್ಲಿ ಕಾಗದವೇ ಕಣ್ಣು ಎಂಬುದಕ್ಕೆ ನಮ್ಮದೇ ದೇಶದ ಉದಾಹರಣೆಯೊಂದನ್ನು ಸೇರಿಸುತ್ತೇನೆ. ದೆಹಲಿ ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ವರ್ಷಗಟ್ಟಲೆ ಬಳಕೆಯಿಲ್ಲದೆ ಬಿದ್ದಿದ್ದ ವಿಕಿರಣ ಸೂಸುವ ಕೋಬಾಲ್ಟ್-60 ಇರುವ ಉಪಕರಣವೊಂದು 2010ರಲ್ಲಿ ಹರಾಜಿನಲ್ಲಿ ಹಳೆಯ ಸಾಮಾನಾಗಿ ಮಾರಾಟವಾಗಿ, ಮಾಯಾಪುರಿಯ ಗುಜರಿ ಅಂಗಡಿ ಸೇರಿತು. ಒಡೆದವರಿಗೆ ಅದು ಏನೆಂದು ತಿಳಿದಿರಲಿಲ್ಲ. ಒಬ್ಬರು ತೀರಿಕೊಂಡರು, ಇನ್ನೂ ಹಲವರು ತೀವ್ರವಾಗಿ ಗಾಯಗೊಂಡರು. ಆ ಉಪಕರಣ ಎಲ್ಲಿದೆ ಎಂದು ಯಾರಾದರೂ ವರ್ಷಕ್ಕೊಮ್ಮೆ ವಿಚಾರಿಸಿ ಒಂದು ಸಾಲು ಬರೆದಿದ್ದರೆ ಅದು ಹರಾಜಿಗೆ ಬರುತ್ತಿರಲಿಲ್ಲ. ಎಕ್ಸ್-ರೇ ಯಂತ್ರದಿಂದ ಇಂತಹ ಅನಾಹುತ ಆಗುವುದಿಲ್ಲ, ವಿದ್ಯುತ್ ತೆಗೆದರೆ ಅದು ಬರೀ ಕಬ್ಬಿಣ. ಆ ಹೋಲಿಕೆಯಿಂದ ಯಾರೂ ಹೆದರಬಾರದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಮಗಳು ಕಳೆದ ಸೋಮವಾರ ಲಿಖಿತ ಅರ್ಜಿ ಕೊಟ್ಟಳು. ಕೆಲಸಕ್ಕೆ ತೊಂದರೆಯಾದೀತೆಂದು ಅವಳ ತಾಯಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಬೆಂಚನ್ನು ಮರುದಿನವೇ ಸರಿಸಿದರು. ಜಿಲ್ಲೆಯ ಸ್ಥಿತಿ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬೇಕೆಂದಿದ್ದೇನೆ. ಯಾರಿಗೆ, ಹೇಗೆ ಬರೆಯಬೇಕು?

ಉತ್ತರ: ಚಿಕ್ಕಮಗಳೂರಿನ ನಿವೃತ್ತ ಲೆಕ್ಕಪರಿಶೋಧಕ

ಎರಡು ಅರ್ಜಿ ಬೇಕಾಗುತ್ತದೆ. ಒಂದು, ಮುಂಬೈಯ ನಿಯಂತ್ರಣ ಮಂಡಳಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ: ಹಾಸನ ಜಿಲ್ಲೆಯಲ್ಲಿ ಇಂದಿಗೆ ಚಾಲ್ತಿಯಲ್ಲಿರುವ ವೈದ್ಯಕೀಯ ಎಕ್ಸ್-ರೇ ಅನುಮತಿಗಳ ಪಟ್ಟಿ, ಕಳೆದ ಐದು ವರ್ಷಗಳಲ್ಲಿ ಜಿಲ್ಲೆಯಲ್ಲಿ ನಡೆದ ತಪಾಸಣೆಗಳ ದಿನಾಂಕಗಳು, ಮತ್ತು ಕರ್ನಾಟಕದಲ್ಲಿ ವಿಕಿರಣ ಸುರಕ್ಷತಾ ನಿರ್ದೇಶನಾಲಯದ ಬಗ್ಗೆ ರಾಜ್ಯ ಸರ್ಕಾರದೊಂದಿಗೆ ನಡೆದ ಪತ್ರವ್ಯವಹಾರದ ಪ್ರತಿಗಳು. ಇನ್ನೊಂದು, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ: ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರುವ, ಎಕ್ಸ್-ರೇ ಸೌಲಭ್ಯವಿರುವ ಸಂಸ್ಥೆಗಳ ಪಟ್ಟಿ. ಆ ಕಾಯ್ದೆಯ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಎರಡೂ ಪಟ್ಟಿಗಳು ಕೈಗೆ ಬಂದ ಮೇಲೆ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರುಗಳೇ ತಮ್ಮ ಮೂಲ ಪ್ರಶ್ನೆಗೆ ಉತ್ತರ.

ಶುಲ್ಕ ತಲಾ ಹತ್ತು ರೂಪಾಯಿ. ರಾಜ್ಯದ ಕಚೇರಿಗೆ ಬರೆಯುವ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕೆಂದು ಕರ್ನಾಟಕದ ನಿಯಮವಿದೆ, ಅದನ್ನು ಮೀರಬೇಡಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ದಾಖಲೆಯನ್ನು ಕೇಳಿ. ಇದ್ದರೆ ಕೊಡಬೇಕು, ಇಲ್ಲದಿದ್ದರೆ ಇಲ್ಲವೆಂದು ಬರೆದುಕೊಡಬೇಕು. ಇಲ್ಲವೆಂದು ಸಹಿ ಹಾಕಿ ಬರೆದುಕೊಟ್ಟ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಶಾಸಕರ ಮೂಲಕ ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿಸಲು ಅದೇ ಆಧಾರ.

ಪ್ರಶ್ನೆ ಕೇಳಿದವರಿಂದ

ಎರಡೂ ಅರ್ಜಿಗಳನ್ನು ನಿನ್ನೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆ. ಮಗಳಿಗೆ ನಾಲ್ಕು ತ್ರೈಮಾಸಿಕಗಳ ವರದಿ ಕೊಟ್ಟಿದ್ದಾರೆ. ಮೂರರಲ್ಲಿ ಅಂಕಿ ಬಹಳ ಕಡಿಮೆ ಇದೆ. ಬ್ಯಾಡ್ಜ್ ಕೋಣೆಯಲ್ಲಿ ನೇತಾಡಿದ ಅವಧಿಯ ಸಾಲಿನಲ್ಲಿ ಮಾತ್ರ ಬ್ಯಾಡ್ಜ್ ಹಿಂತಿರುಗಿಸಿಲ್ಲ ಎಂದು ನಮೂದಾಗಿದೆ. ಇದರ ಅರ್ಥವೇನು?

ಉತ್ತರ: ಹಾಸನದ ಹಿರಿಯ ಟೆಕ್ನಿಷಿಯನ್

ಸರ್, ಆ ಬ್ಯಾಡ್ಜ್ ಡೋಸ್ ಅಳೆಯುವ ಪ್ರಯೋಗಾಲಯಕ್ಕೆ ತಲುಪಿಯೇ ಇಲ್ಲ ಎಂದರ್ಥ. ಸೆಂಟರಿನ ಯಾವುದಾದರೂ ಡ್ರಾಯರಿನಲ್ಲಿ ಇನ್ನೂ ಇರಬಹುದು, ಹುಡುಕಿಸಿ. ಸಿಕ್ಕರೆ ತಡವಾಗಿದ್ದರೂ ಕಳುಹಿಸಲಿ, ಎಲ್ಲಿ ಎಷ್ಟು ದಿನ ಇತ್ತು ಎಂಬ ಟಿಪ್ಪಣಿಯನ್ನೂ ಜೊತೆಗಿಡಲಿ. ಸಿಗದಿದ್ದರೆ ಕಳೆದುಹೋಗಿದೆ ಎಂದು ಆರ್‌ಎಸ್‌ಒ ಪ್ರಯೋಗಾಲಯಕ್ಕೆ ಪತ್ರ ಬರೆದು, ಅದರ ಒಂದು ಪ್ರತಿಯನ್ನು ಮಗಳ ಕೈಗೆ ಕೊಡಬೇಕು. ಮುಂದೆ ಅವರು ಬೇರೆ ಆಸ್ಪತ್ರೆಗೆ ಹೋದಾಗಲೂ ಈ ದಾಖಲೆ ಅವರ ಜೊತೆಯಲ್ಲೇ ಹೋಗುತ್ತದೆ, ಆದ್ದರಿಂದ ಆ ಸಾಲು ಹಾಗೆಯೇ ಉಳಿಯಲು ಬಿಡಬೇಡಿ. ಬಾಗಿಲಿನ ಕೆಲಸ ಆಯಿತೇ ಎಂಬುದನ್ನೂ ತಿಳಿಸಿ.